ಆಲ್ತಾರಿನ ಮೇಲೆ ಬಿಪಿ ಮಾತ್ರೆ ಇಟ್ಟರೆ ತಪ್ಪಾ?

ಕೋಡಿಬಾಗದ ಮಗಳು · ಶನಿವಾರ, ರಾತ್ರಿ 9:40

ಬೂದಿ ಬುಧವಾರ ಕಳೆದು ಮೂರು ದಿನ ಆಯಿತು, ಕರೆಜ್ಮ (ಈಸ್ಟರ್‌ಗೆ ಮೊದಲಿನ ವ್ರತಕಾಲ) ಶುರು. ನಮ್ಮ ಮನೆಯಲ್ಲಿ ಒಂದು ಸಣ್ಣ ತಕರಾರು ಶುರುವಾಗಿದೆ. ನಿಮ್ಮೆಲ್ಲರ ಅಭಿಪ್ರಾಯ ಬೇಕು.

ಅಪ್ಪನಿಗೆ 67. ಬಿಪಿ ಬಂದು ಮೂರು ವರ್ಷ. ದಿನಕ್ಕೊಂದು ಅಮ್ಲೋಡಿಪಿನ್ 5, ಅಷ್ಟೇ. ಡಿಸೆಂಬರಿನಲ್ಲಿ ಬಚ್ಚಲಿನ ಬಾಗಿಲಲ್ಲಿ ತಲೆ ತಿರುಗಿ ಕುಸಿದರು. ತೋರಿಸಿದರೆ 170/100. ಡಾಕ್ಟರ್ "ಮಾತ್ರೆ ಸರಿಯಾಗಿ ತಗೊಳ್ತೀರಾ" ಅಂತ ಕೇಳಿದ್ದಕ್ಕೆ ಅಪ್ಪ ಬಹಳ ಧೈರ್ಯದಿಂದ "ಹೌದು" ಅಂದರು. ಮನೆಗೆ ಬಂದು ಮೇಜಿನ ಡ್ರಾ ಎಳೆದೆ. ಮಳೆಗಾಲದಲ್ಲಿ ತಂದ ಪಟ್ಟಿಗಳು ಇನ್ನೂ ಇವೆ. ಒಂದರಲ್ಲಿ ನಾಲ್ಕು ಗುಳಿ ಖಾಲಿ, ಇನ್ನೊಂದರಲ್ಲಿ ಎರಡು. ಅಪ್ಪ ಸುಳ್ಳು ಹೇಳುವವರಲ್ಲ. ಮರೆಯುವವರು.

ಆದರೆ ಅಪ್ಪ ತೇರ್ಸ್ (ಜಪಸರದ ಪ್ರಾರ್ಥನೆ) ಮರೆತದ್ದು ನಾನು ಹುಟ್ಟಿದ ಮೇಲೆ ನೋಡಿಲ್ಲ. ರಾತ್ರಿ ಏಳೂವರೆ ಅಂದರೆ ಏಳೂವರೆ. ಕರೆಂಟ್ ಇರಲಿ ಇಲ್ಲದಿರಲಿ, ಮನೆಗೆ ನೆಂಟರು ಬಂದಿರಲಿ, ಟಿವಿಯಲ್ಲಿ ಕ್ರಿಕೆಟ್ ಇರಲಿ. ಸರಿ, ನಾನು ಮಾತ್ರೆಯ ಪಟ್ಟಿ ತಗೊಂಡು ಹೋಗಿ ಆಲ್ತಾರಿನಲ್ಲಿ (ಮನೆಯ ದೇವರ ಪೀಠ) ಸಾಯಬಿಣಿಯ (ಮಾತೆ ಮರಿಯಾ) ಪ್ರತಿಮೆಯ ಕಾಲ ಬುಡದಲ್ಲಿ ಇಟ್ಟುಬಿಟ್ಟೆ. ಪಕ್ಕದಲ್ಲಿ ಒಂದು ಲೋಟ ನೀರು. ತೇರ್ಸ್ ಮುಗಿದು, ಲಿತಾನಿ ಮುಗಿದು, ನಾವೆಲ್ಲ ಬೆಸಾಂವ್ (ಹಿರಿಯರ ಆಶೀರ್ವಾದ) ಕೇಳಿ ಎದ್ದ ಕೂಡಲೇ ಅಪ್ಪ ಕೈ ಚಾಚಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಇವತ್ತಿನವರೆಗೆ ಒಂದು ದಿನ ತಪ್ಪಿಲ್ಲ.

ಮೊನ್ನೆ ಬಂದ ಹಿರಿಯರೊಬ್ಬರು ನೋಡಿ, "ಇದು ಆಲ್ತಾರೋ, ಮೆಡಿಕಲ್ ಶಾಪೋ?" ಅಂದರು. ಅಮ್ಮನಿಗೆ ಈಗ ಮುಜುಗರ. ತೆಗೆದು ಬೇರೆ ಕಡೆ ಇಡು ಅನ್ನುತ್ತಾಳೆ. ತೆಗೆದರೆ ಅಪ್ಪ ಮರೆಯುತ್ತಾರೆ ಅಂತ ನನಗೆ ಖಾತ್ರಿ.

ಇನ್ನೊಂದು ಮಾತು. ನನ್ನ ಫೋನಿಗೆ ದಿನಾ ಬೆಳಿಗ್ಗೆ ಬೈಬಲ್ ವಚನದ ಚಿತ್ರಗಳು ಬಂದು ಬೀಳುತ್ತವೆ. ಗುಲಾಬಿ ಹೂವು, ಸೂರ್ಯೋದಯ, ಪಾರಿವಾಳ. ನಿನ್ನೆ ಎಣಿಸಿದೆ, 31 ಇದ್ದವು. ಓದಿದ್ದು ಮೂರು. ಮಧ್ಯಾಹ್ನಕ್ಕೆ ಒಂದೂ ನೆನಪಿಲ್ಲ. ಕಳಿಸುವವರ ಪ್ರೀತಿ ದೊಡ್ಡದು, ಇಲ್ಲ ಅನ್ನಲ್ಲ. ಆದರೆ ನಿಮ್ಮ ಮನೆಯಲ್ಲಿ ನಿಜವಾಗಿ ನೆನಪು ಮಾಡಿಕೊಡುವುದು ಏನು? ದೇವರನ್ನಾಗಲಿ, ಮನೆಯವರನ್ನಾಗಲಿ, ಸ್ವಂತ ಮೈಯನ್ನಾಗಲಿ?

---

ಹಳೇ ಇಗರ್ಜಿ · ಶನಿವಾರ, ರಾತ್ರಿ 10:15

ನಾನು ಆ ಹಿರಿಯರ ಪಕ್ಷ. ಅಪ್ಪನ ಆರೋಗ್ಯ ಮುಖ್ಯ, ಒಪ್ಪಿದೆ. ಆದರೆ ಆಲ್ತಾರಿಗೆ ಒಂದು ಮರ್ಯಾದೆ ಇದೆ. ಇವತ್ತು ಮಾತ್ರೆ, ನಾಳೆ ಕನ್ನಡಕ, ನಾಡಿದ್ದು ಮೊಬೈಲ್ ಚಾರ್ಜರ್. ಕೊನೆಗೆ ಸಾಯಬಿಣಿಗೆ ನಿಲ್ಲಲು ಜಾಗ ಇರುವುದಿಲ್ಲ. ನಮ್ಮ ಮನೆಯಲ್ಲಿ ಮೇಣದ ಬತ್ತಿ, ಹೂವು, ಶಿಲುಬೆ ಬಿಟ್ಟು ಬೇರೇನೂ ಇಡುವುದಿಲ್ಲ. ಮಾತ್ರೆಗೆ ಫೋನಿನಲ್ಲಿ ಅಲಾರಂ ಇಡಬಹುದಲ್ಲ?

---

ಕೋಡಿಬಾಗದ ಮಗಳು · ಶನಿವಾರ, ರಾತ್ರಿ 10:22

ಅಲಾರಂ ಇಟ್ಟಿದ್ದೆ. ಹೊಡೆದ ಕೂಡಲೇ ಅಪ್ಪ ಅದನ್ನು ಆರಿಸುತ್ತಾರೆ. ಆರಿಸಿದ ಮೇಲೆ ಕೆಲಸ ಮುಗಿಯಿತು ಅಂತ ಅವರ ಲೆಕ್ಕ.

---

ಅಂಕೋಲೆ ನೆರೆಮನೆ · ಶನಿವಾರ, ರಾತ್ರಿ 10:50

ನಾನು ಕ್ರಿಶ್ಚಿಯನ್ ಅಲ್ಲ, ಆದರೂ ಬಾಯಿ ಹಾಕುತ್ತೇನೆ. ನಮ್ಮ ಅಜ್ಜನ ಸಕ್ಕರೆ ಕಾಯಿಲೆಯ ಮಾತ್ರೆ ದೇವರ ಕೋಣೆಯ ಗೂಡಿನಲ್ಲೇ ಇರುತ್ತಿತ್ತು, ಕುಂಕುಮದ ಭರಣಿ ಪಕ್ಕ. ಪೂಜೆ ಮುಗಿಸಿ ತೀರ್ಥ ತಗೊಂಡು, ಆಮೇಲೆ ಊಟಕ್ಕೆ ಕೂರುವ ಮೊದಲು ಅದು. ದೇವರು ಏನೂ ಅಂದದ್ದು ಗೊತ್ತಿಲ್ಲ.

@ಹಳೇ ಇಗರ್ಜಿ, ನಿಜ ಹೇಳಿ. ನಿಮ್ಮ ಆಲ್ತಾರಿನ ಹಿಂದೆ ಕರೆಂಟ್ ಬಿಲ್ಲು ಇಲ್ವಾ? ನಾನು ನೋಡಿದ ಪ್ರತಿ ಮನೆಯಲ್ಲೂ, ಎಲ್ಲ ಧರ್ಮದವರ ಮನೆಯಲ್ಲೂ, ದೇವರ ಹಿಂದೆ ಒಂದು ಕಚೇರಿಯೇ ಇರುತ್ತದೆ.

---

ಹಳೇ ಇಗರ್ಜಿ · ಶನಿವಾರ, ರಾತ್ರಿ 11:05

ಎದ್ದು ಹೋಗಿ ನೋಡಿ ಬಂದೆ. ಗ್ಯಾಸ್ ಪುಸ್ತಕ, ಎಲ್‌ಐಸಿ ರಸೀದಿ, ಕಳೆದ ವರ್ಷದ ಗರಿಗಳ ಭಾನುವಾರದ ಒಣ ಗರಿ. ಗರಿ ಇರಬೇಕಾದದ್ದೇ, ಬೂದಿ ಬುಧವಾರಕ್ಕೆ ಸುಡಲು ಇಗರ್ಜಿಗೆ (ಚರ್ಚಿಗೆ) ಕೊಡಬೇಕಿತ್ತು, ಮರೆತೆ. ಉಳಿದೆರಡಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

---

ಕುಮಟಾ ನರ್ಸಮ್ಮ · ಭಾನುವಾರ, ಬೆಳಿಗ್ಗೆ 11:30

ಇಗರ್ಜಿಯ ಪೂಜೆ ಮುಗಿಸಿ ಬಂದು ಬರೆಯುತ್ತಿದ್ದೇನೆ. 22 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು. ಮಗಳೇ, ನೀನು ಮಾಡಿದ್ದು ಸರಿ. ಹಳೇ ಅಭ್ಯಾಸದ ಬಾಲಕ್ಕೆ ಹೊಸ ಅಭ್ಯಾಸ ಕಟ್ಟಿದರೆ ಮಾತ್ರ ಅದು ನಿಲ್ಲುತ್ತದೆ. ಅಮ್ಲೋಡಿಪಿನ್ ದಿನಾ ಒಂದೇ ಹೊತ್ತಿಗೆ ಹೋದರೆ ಸಾಕು, ರಾತ್ರಿಯಾದರೂ ತೊಂದರೆ ಇಲ್ಲ. ಡಾಕ್ಟರ್ ಬೆಳಿಗ್ಗೆಯೇ ತಗೊಳ್ಳಿ ಅಂತ ಹೇಳಿದ್ದರೆ ಮಾತ್ರ ಅವರನ್ನು ಒಂದು ಮಾತು ಕೇಳು.

ಆದರೆ ಒಂದು ತಪ್ಪು ಇದೆ. ಅದು ಮರ್ಯಾದೆಯದ್ದಲ್ಲ, ಬಿಸಿಯದ್ದು. ಆಲ್ತಾರಿನಲ್ಲಿ ಮೇಣದ ಬತ್ತಿ ಉರಿಯುತ್ತದೆ, ಕೆಲವರ ಮನೆಯಲ್ಲಿ ಎಣ್ಣೆ ದೀಪ. ಮಾತ್ರೆಗೆ ಬಿಸಿ, ಬಿಸಿಲು, ತೇವ ಮೂರೂ ಆಗುವುದಿಲ್ಲ. ಕಾರವಾರದ ಏಪ್ರಿಲ್ ಸೆಖೆ ನಿನಗೇ ಗೊತ್ತು. ಪಟ್ಟಿಯನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ದೀಪದಿಂದ ಒಂದು ಮೊಳ ದೂರ ಇಡು. ಮನೆಗೆ ಸಣ್ಣ ಮಕ್ಕಳು ಬರುತ್ತಾರಾದರೆ ಅವರ ಕೈಗೆ ಎಟುಕದ ಹಾಗೆ. ಪ್ರತಿಮೆಯ ಬುಡ ಮಕ್ಕಳಿಗೆ ಭಾರಿ ಇಷ್ಟದ ಜಾಗ.

ಇನ್ನು ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಟೀ ಚಮಚದ ಲೆಕ್ಕ. ನಮ್ಮ ಕಡೆ ಹನ್ನೊಂದು ಗಂಟೆಯ ಪೇಜ್ (ಗಂಜಿ) ಜೊತೆ ಒಂದು ಖಾರಾ ಬಾಂಗಡೆ (ಉಪ್ಪು ಹಾಕಿ ಒಣಗಿಸಿದ ಮೀನು) ಸುಟ್ಟುಕೊಂಡರೆ ಅಲ್ಲೇ ಲೆಕ್ಕ ಮುಗಿಯಿತು. ಕರೆಜ್ಮಕ್ಕೆ ಮಾಂಸ ಬಿಡುವ ಬದಲು ಉಪ್ಪಿನ ಮೀನು ಬಿಡಲಿ ಅಪ್ಪ!

---

ಶರಾವತಿ ಅಳಿವೆ · ಭಾನುವಾರ, ಮಧ್ಯಾಹ್ನ 2:10

ಮೀನಿನ ಮಾತು ಬಂತಲ್ಲ, ಇನ್ನು ಸುಮ್ನೆ ಇರಲು ಆಗುವುದಿಲ್ಲ.

ಶುಕ್ರವಾರ ಮಾಂಸ ಬಿಡಬೇಕು, ಮೀನು ತಿನ್ನಬಹುದು. ಎಲ್ಲರಿಗೂ ಗೊತ್ತಿರುವ ನಿಯಮ. ಈ ನಿಯಮ ಹುಟ್ಟಿದ ಊರುಗಳಲ್ಲಿ ಮಾಂಸ ಅಂದರೆ ಹಬ್ಬದೂಟ, ಮೀನು ಬಡವರದ್ದು. ನಮ್ಮಲ್ಲಿ? ಹೊನ್ನಾವರದಲ್ಲಿ ಇಸ್ವಣದ (ಸುರಮಯಿ ಮೀನು) ಬೆಲೆ ಕೇಳಿ ನೋಡಿ. ಒಂದು ಕಿಲೋ ಇಸ್ವಣದ ದುಡ್ಡಿಗೆ ಎಷ್ಟು ಕಿಲೋ ಕೋಳಿ ಬರುತ್ತದೆ ಅಂತ ಲೆಕ್ಕ ಹಾಕಿ. ಶುಕ್ರವಾರ ಕೋಳಿ "ಬಿಟ್ಟು" ಇಸ್ವಣ ಫ್ರೈ, ಸುಂಗಟೆ (ಸಿಗಡಿ) ಸುಕ್ಕಾ, ಮುರುಗಲ ಕಡಿ ಹಾಕಿ ಉಂಡು ಡರ್ ಅಂತ ತೇಗಿದರೆ ಅದು ಯಾವ ತ್ಯಾಗ ಮಾರಾಯ್ರೆ?

ನಾನು ಮೀನುಗಾರರ ಮನೆಯವನು. ನಮ್ಮ ಮನೆಯಲ್ಲಿ ಅಜ್ಜಿ ಒಂದು ಪದ್ಧತಿ ಇಟ್ಟಿದ್ದಳು. ಕರೆಜ್ಮದ ಶುಕ್ರವಾರ ಒಳ್ಳೆಯ ಮೀನು ಬಂದರೆ ಅದನ್ನು ಮಾರಬೇಕು, ನಾವು ಅಗ್ಗದ ತಾರ್ಲೆ (ಬೂತಾಯಿ) ತಿನ್ನಬೇಕು, ವ್ಯತ್ಯಾಸದ ದುಡ್ಡು ಒಂದು ತಗಡಿನ ಡಬ್ಬಿಗೆ. ಪಾಸ್ಖಾಕ್ಕೆ (ಈಸ್ಟರ್) ಮೊದಲು ಆ ಡಬ್ಬಿ ಒಡೆದು, ಆ ವರ್ಷ ಗಂಡನನ್ನು ಕಳೆದುಕೊಂಡ ಮನೆಗೆ ಅಕ್ಕಿ. ಯಾರ ಮನೆ ಅಂತ ಹೇಳುತ್ತಿರಲಿಲ್ಲ. ಅಕ್ಕಿಯ ಚೀಲ ಹೊತ್ತು ಹೋಗುತ್ತಿದ್ದದ್ದು ನಾನು, ನನಗೆ ಗೊತ್ತಿತ್ತು. ಊರಿನಲ್ಲಿ ಹೇಳಿದರೆ ಕಿವಿ ಹಿಂಡುತ್ತೇನೆ ಅಂದಿದ್ದಳು.

ಒಂದು ಖುಷಿಯ ವಿಷಯ. ತಾರ್ಲೆ, ಬಾಂಗಡೆ ಇವೇ ಹೃದಯಕ್ಕೆ ಒಳ್ಳೆಯ ಎಣ್ಣೆ ಇರುವ ಮೀನುಗಳು. ಒಮೆಗಾ 3 ಅನ್ನುತ್ತಾರಲ್ಲ, ಅದು. ಅಗ್ಗದ ಮೀನೇ ಮೈಗೆ ಜಾಸ್ತಿ ಒಳ್ಳೆಯದು. ಅಜ್ಜಿಗೆ ಒಮೆಗಾ ಗೊತ್ತಿರಲಿಲ್ಲ.

---

ಹಳೇ ಇಗರ್ಜಿ · ಭಾನುವಾರ, ಮಧ್ಯಾಹ್ನ 3:00

ಇದನ್ನು ಪೂರ್ತಿ ಒಪ್ಪಿದೆ. ನಿಯಮದ ಅಕ್ಷರ ಹಿಡಿದು ಊಟದ ರುಚಿ ಹೆಚ್ಚಿಸಿಕೊಳ್ಳುವುದು ನಮ್ಮ ಕರಾವಳಿಯ ಹಳೇ ಜಾಣತನ. ಕರೆಜ್ಮದಲ್ಲಿ ಕುಡಿತ ಬಿಡುವವರದ್ದೂ ಅದೇ ಕತೆ. ಬೂದಿ ಬುಧವಾರದಿಂದ ಪಾಸ್ಖಾದ ಹಿಂದಿನ ದಿನದ ತನಕ ಎಣಿಸಿದರೆ 46 ದಿನ ಆಗುತ್ತದೆ. ಆರು ಭಾನುವಾರ ಬಿಟ್ಟರೆ 40. "ಭಾನುವಾರ ಲೆಕ್ಕಕ್ಕಿಲ್ಲ" ಅಂತ ಶನಿವಾರ ಸಂಜೆಯೇ ಮಾಜಾಳಿ ದಾಟಿ ಗೋವಾಕ್ಕೆ ಹೋಗುವವರು ನನಗೆ ಗೊತ್ತು. ಅದೂ ಇದು ಉರಾಕ್ (ಗೇರುಹಣ್ಣಿನ ಸಾರಾಯಿ) ಇಳಿಸುವ ಕಾಲ ಬೇರೆ.

---

ಹೆಸರು ಬೇಡ · ಭಾನುವಾರ, ರಾತ್ರಿ 11:48

ಹೊಸ ಖಾತೆ ಮಾಡಿ ಬರೆಯುತ್ತಿದ್ದೇನೆ. ಮೇಲೆ ಹೇಳಿದ ಜಾಣರಲ್ಲಿ ನಾನೂ ಒಬ್ಬ.

ಆರು ವರ್ಷ ಸಾಲಾಗಿ ಕರೆಜ್ಮಕ್ಕೆ ಬಿಟ್ಟೆ. ಆರು ವರ್ಷವೂ ಪಾಸ್ಖಾದ ಮಧ್ಯಾಹ್ನ ಮತ್ತೆ ಹಿಡಿದೆ. ಜನ ಹೊಗಳುತ್ತಿದ್ದರು, "40 ದಿನ ಮುಟ್ಟಲಿಲ್ಲ ನೋಡು, ಅವನಿಗೆ ಚಟ ಇಲ್ಲ." ಆ ಹೊಗಳಿಕೆಯೇ ನನಗೆ ಪರ್ಮಿಟ್ ಆಯಿತು. 40 ದಿನ ಬಿಡುವ ತಾಕತ್ತು ಇದ್ದವನಿಗೆ ಉಳಿದ 325 ದಿನ ಏನೂ ಆಗುವುದಿಲ್ಲ ಅಂತ ನಂಬಿದೆ. ಹೆಂಡತಿ ನಂಬಲಿಲ್ಲ. ಮಗಳು ನಾನು ಬರುವ ಬೈಕಿನ ಸದ್ದು ಕೇಳಿ ಪುಸ್ತಕ ಎತ್ತಿಕೊಂಡು ಒಳಕೋಣೆಗೆ ಹೋಗುತ್ತಿದ್ದಳು. ಓದಲು ಅಂತ ನಾನು ಅಂದುಕೊಂಡಿದ್ದೆ.

ಕಳೆದ ವರ್ಷ 40 ದಿನದ ಲೆಕ್ಕ ಬಿಟ್ಟೆ. ಇವತ್ತು ಒಂದು ದಿನ, ಅಷ್ಟೇ. ಆಲ್ಕೊಹಾಲಿಕ್ಸ್ ಅನಾನಿಮಸ್ (ಕುಡಿತ ಬಿಡುವವರ ಗುಂಪು) ಸಭೆಗೆ ಹೋಗುತ್ತೇನೆ. ಎಲ್ಲಿ ಅಂತ ಹೇಳುವುದಿಲ್ಲ. ನನ್ನ ನೆನಪಿನ ವಸ್ತು ಏನು ಅಂತ ಕೇಳಿದ್ದಿರಿ. ಬೈಕಿನ ಕೀ. ಅದಕ್ಕೆ ಮಗಳು ಕಟ್ಟಿಕೊಟ್ಟ ಒಂದು ದಾರದ ಶಿಲುಬೆ ಇದೆ. ಕೀ ತಿರುಗಿಸುವಾಗ ಕೈಗೆ ತಾಗುತ್ತದೆ. ಎಡಕ್ಕೆ ಹೋದರೆ ಮನೆ, ಬಲಕ್ಕೆ ಹೋದರೆ ಅಂಗಡಿ. ಮೊನ್ನೆ ಮೂರು ನಿಮಿಷ ಅಲ್ಲೇ ನಿಂತಿದ್ದೆ, ಇಂಜಿನ್ ಆನ್ ಇಟ್ಟು.

---

ಕುಮಟಾ ನರ್ಸಮ್ಮ · ಸೋಮವಾರ, ಬೆಳಿಗ್ಗೆ 6:20

@ಹೆಸರು ಬೇಡ, ಎಡಕ್ಕೇ ಹೋದಿರಿ ಅಂತ ಅಂದುಕೊಳ್ಳುತ್ತೇನೆ. ಇಲ್ಲವಾದರೂ ಇವತ್ತು ಮತ್ತೆ ಒಂದು ದಿನ.

ಇದನ್ನು ಓದುವ ಬೇರೆಯವರಿಗೆ ಒಂದು ಎಚ್ಚರಿಕೆ. ಇದು ಉಪದೇಶ ಅಲ್ಲ, ವಾರ್ಡಿನಲ್ಲಿ ಕಂಡದ್ದು. ದಿನಾ ಜಾಸ್ತಿ ಕುಡಿಯುವವರು ವ್ರತ ಅಂತ ಒಂದೇ ಏಟಿಗೆ ನಿಲ್ಲಿಸಬಾರದು. ಒಂದೆರಡು ದಿನದಲ್ಲಿ ಕೈ ನಡುಗುತ್ತದೆ, ಬೆವರು, ಕೆಲವರಿಗೆ ಫಿಟ್ಸ್, ಇಲ್ಲದ್ದು ಕಾಣುವುದು. ಜೀವಕ್ಕೇ ಅಪಾಯ. ಬೂದಿ ಬುಧವಾರದ ವಾರ ಇಂಥವರು ಬರುವುದನ್ನು ನೋಡಿದ್ದೇನೆ. ಮನೆಯವರು "ಪಿಶಾಚಿ ಬಿಡುತ್ತಿದೆ" ಅಂತ ಪ್ರಾರ್ಥನೆಗೆ ಕೂತಿರುತ್ತಾರೆ. ಪ್ರಾರ್ಥನೆ ಮಾಡಿ, ಆಟೋ ಕೂಡ ಕರೆಯಿರಿ. ಡಾಕ್ಟರ್ ಹತ್ತಿರ ಮಾತ್ರೆ ಇದೆ, ನಿಧಾನವಾಗಿ ಇಳಿಸುತ್ತಾರೆ.

ಉಪವಾಸಕ್ಕೂ ಇದೇ. ಇಗರ್ಜಿಯ ನಿಯಮದಲ್ಲೇ ಉಪವಾಸದ ಕಡ್ಡಾಯ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಂದ 60ನೇ ವರ್ಷಕ್ಕೆ ಕಾಲಿಡುವ ತನಕ. ಕಾಯಿಲೆಯವರಿಗೆ, ಬಸುರಿಯರಿಗೆ ಇಲ್ಲ. ಆದರೂ ನಮ್ಮ 75ರ ಅಜ್ಜಿಯರು ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ನುಂಗಿ ಏನೂ ತಿನ್ನದೆ ಶಿಲುಬೆಯ ಹಾದಿಗೆ (ಹದಿನಾಲ್ಕು ಸ್ಥಳಗಳ ಪ್ರಾರ್ಥನೆ) ನಿಲ್ಲುತ್ತಾರೆ. ಹತ್ತನೇ ಸ್ಥಳ ಬರುವ ಹೊತ್ತಿಗೆ ಸಕ್ಕರೆ ಇಳಿದು ಬೀಳುತ್ತಾರೆ. ಸೆರಗಿನ ಗಂಟಿನಲ್ಲಿ ಒಂದು ತುಂಡು ಬೆಲ್ಲ ಇಟ್ಟುಕೊಳ್ಳಿ. ದೇವರು ಬೈಯುವುದಿಲ್ಲ.

---

ಶಿರಸಿ ಮಳೆ · ಸೋಮವಾರ, ಮಧ್ಯಾಹ್ನ 1:15

ನಮ್ಮದು ಘಟ್ಟದ ಮೇಲೆ. ಪೇಟೆಯ ಇಗರ್ಜಿಗೆ 14 ಕಿಲೋಮೀಟರ್. ಮಳೆಗಾಲದಲ್ಲಿ ಬಸ್ಸು ಬಂದರೆ ಬಂತು. ಹಾಗಾಗಿ ನಮ್ಮ ನಂಬಿಕೆ ಬಹಳಷ್ಟು ಅಂಗಳದಲ್ಲೇ ನಡೆಯುತ್ತದೆ.

ಡಾಕ್ಟರ್ ನನಗೆ ನಡೆಯಿರಿ ಅಂದರು. ವಾರಕ್ಕೆ 150 ನಿಮಿಷ. ಸುಮ್ನೆ ನಡೆಯಲು ನನಗೆ ಆಗುವುದಿಲ್ಲ, ಬೇಜಾರು. ಈಗ ತೇರ್ಸ್ ನಡೆಯುತ್ತಾ ಹೇಳುತ್ತೇನೆ. ಅಡಿಕೆ ತೋಟದ ದಾರಿ. ಮಣಿ ಹಿಡಿದರೆ ಬೆವರಿಗೆ ಜಾರುತ್ತದೆ, ಅದಕ್ಕೆ ಬೆರಳಲ್ಲೇ ಎಣಿಕೆ. ಹತ್ತು ಬೆರಳಿಗೆ ಹತ್ತು ನಮೋ ಮರಿಯಾ (ಸಾಯಬಿಣಿಯ ಪ್ರಾರ್ಥನೆ), ಒಂದು ದಶಕ. ದೇವರು ಕೈ ಮಾಡುವಾಗಲೇ ಲೆಕ್ಕ ಇಟ್ಟಿದ್ದ ಅಂತ ನಮ್ಮ ಮನೆಯವರು ತಮಾಷೆ ಮಾಡುತ್ತಾರೆ. ಐದು ದಶಕಕ್ಕೆ ನಮ್ಮ ತೋಟದ ಕೆಳಗಿನ ಹಳ್ಳ ಮುಟ್ಟಿ ವಾಪಸ್. ಸುಮಾರು 20 ನಿಮಿಷ, ಒಂದೂವರೆ ಕಿಲೋಮೀಟರ್. ಏರಿನಲ್ಲಿ ಪ್ರಾರ್ಥನೆ ಸ್ವಲ್ಪ ತುಂಡಾಗುತ್ತದೆ, ಅದನ್ನು ಮೇಲಿನವನು ಜೋಡಿಸಿಕೊಳ್ಳಲಿ.

ಇದರ ಬಗ್ಗೆ ಒಂದು ಅಧ್ಯಯನ ಇದೆ, ಗೊತ್ತಾ? 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದು. ಇಟಲಿಯ ವೈದ್ಯರ ತಂಡ 23 ಜನ ಆರೋಗ್ಯವಂತರಿಗೆ ಲ್ಯಾಟಿನ್‌ನಲ್ಲಿ ಜಪಸರ ಹೇಳಿಸಿ ಉಸಿರು, ಹೃದಯದ ಬಡಿತ ಅಳೆದರು. ಒಂದು ಯೋಗ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಹೃದಯ, ರಕ್ತದೊತ್ತಡದ ತಾಳಗಳು ಅದಕ್ಕೆ ಹೊಂದಿಕೊಂಡವು. ಮುಂದಾಳು ಅರ್ಧ ಹೇಳಿ, ಉಳಿದವರು ಇನ್ನರ್ಧ ಹೇಳುವ ನಮ್ಮ ಪದ್ಧತಿ ಇದೆಯಲ್ಲ, ಉಸಿರಿಗೆ ಅದೇ ಅಳತೆ. ಜಪಸರ ಹೇಳಿದರೆ ಬಿಪಿ ವಾಸಿ ಅಂತ ಅವರು ಹೇಳಿಲ್ಲ, ಹಾಗೆ ಯಾರೂ ಇದನ್ನು ಫಾರ್ವರ್ಡ್ ಮಾಡಬೇಡಿ ದಯವಿಟ್ಟು. ಅಪ್ಪನ ಮಾತ್ರೆ ಅಪ್ಪನಿಗೆ ಬೇಕೇ ಬೇಕು.

ಓಡಿಸಿಕೊಂಡು ಹೇಳಿದರೆ ಈ ಲಾಭ ಇಲ್ಲ. ನಮ್ಮ ದೊಡ್ಡಪ್ಪ ಎಂಟು ನಿಮಿಷದಲ್ಲಿ ತೇರ್ಸ್ ಮುಗಿಸುತ್ತಿದ್ದರು. ಅವರಿಗೆ ಕೊನೆಗೆ ದಮ್ಮು ಬರುತ್ತಿತ್ತು.

---

ದಾಂಡೇಲಿ ಬೆಳಗು · ಸೋಮವಾರ, ಸಂಜೆ 5:30

ನಾವು ಪ್ರೊಟೆಸ್ಟಂಟರು. ನಮ್ಮ ಮನೆಯಲ್ಲಿ ಆಲ್ತಾರೂ ಇಲ್ಲ, ಪ್ರತಿಮೆಯೂ ಇಲ್ಲ. ಆ ಜಗಳ ನಿಮಗೇ ಇರಲಿ. ಆದರೆ ನೆನಪಿನ ಜಾಗ ಇದೆ. ಅಡುಗೆಮನೆಯ ಅಕ್ಕಿ ಡಬ್ಬಿಯ ಮುಚ್ಚಳದ ಒಳಬದಿ. ಅಲ್ಲಿ ವಾರಕ್ಕೊಂದು ವಚನ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಅಂಟಿಸುತ್ತೇನೆ. ಅಕ್ಕಿ ಅಳೆಯುವಾಗ ದಿನಕ್ಕೆ ಎರಡು ಸಲ ಕಾಣುತ್ತದೆ. ವಾರಕ್ಕೆ 14 ಸಲ ಒಂದೇ ಸಾಲು ಓದಿದರೆ ಅದು ಮೈಗೆ ಹತ್ತುತ್ತದೆ. ದಿನಕ್ಕೆ 31 ಸಾಲು ಒಂದೊಂದು ಸಲ ಓದಿದರೆ ಹತ್ತುವುದಿಲ್ಲ.

ಈ ವಾರದ್ದು ಎಲೀಯನ ಕತೆ, ಅರಸುಗಳ ಮೊದಲನೆಯ ಪುಸ್ತಕ 19. ಅಷ್ಟು ದೊಡ್ಡ ಪ್ರವಾದಿ, ಸಾಕಾಯ್ತು ದೇವರೇ ನನ್ನ ಪ್ರಾಣ ತಗೋ ಅಂತ ಮರದ ಕೆಳಗೆ ಬಿದ್ದುಕೊಂಡ. ದೂತ ಬಂದು ಬುದ್ಧಿ ಹೇಳಲಿಲ್ಲ. ಎದ್ದು ತಿನ್ನು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಮಗಿ ನೀರು. ಅವನು ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ತಿನ್ನು ಅಂದ. ಆಮೇಲೆಯೇ ಪ್ರಯಾಣದ ಮಾತು.

ನನಗೆ ಹೆರಿಗೆಯಾದ ಮೇಲೆ ಮೂರು ತಿಂಗಳು ಕತ್ತಲೆ. ಎಲ್ಲರೂ ಬಂದು ಜಾಸ್ತಿ ಪ್ರಾರ್ಥಿಸು ಅಂದರು. ಪಕ್ಕದ ಮನೆಯ ಅಕ್ಕ ಒಬ್ಬಳೇ ಮಗುವನ್ನು ಎತ್ತಿಕೊಂಡು, "ನೀನು ಉಂಡು ಎರಡು ಗಂಟೆ ಮಲಗು" ಅಂದಳು. ಆಮೇಲೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದವಳೂ ಅವಳೇ. ಅವಳು ಮುಸ್ಲಿಂ. ದೂತರ ವಿಳಾಸ ಕೇಳಬಾರದು.

---

ಶರಾವತಿ ಅಳಿವೆ · ಸೋಮವಾರ, ಸಂಜೆ 6:05

ಕೆಂಡ ಅಂದ ಕೂಡಲೇ ನನಗೆ ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯ ನೆನಪಾಯಿತು. ರಾತ್ರಿಯಿಡೀ ಬಲೆ ಹಾಕಿ ಏನೂ ಸಿಗದವರು. ಬೆಳಿಗ್ಗೆ 153 ದೊಡ್ಡ ಮೀನು. ದಡಕ್ಕೆ ಬಂದರೆ ಯೇಸು ಕೆಂಡ ಮಾಡಿ ಮೀನು ಸುಡುತ್ತಾ ಕೂತಿದ್ದಾನೆ, "ಬನ್ನಿ, ನಾಷ್ಟಾ ಮಾಡಿ" ಅಂತ. ಪೇತ್ರ ಮೂರು ಸಲ ನಿನ್ನನ್ನು ಅರಿಯೆ ಅಂದವನು, ಅವನ ಲೆಕ್ಕ ಕೇಳುವುದು ಬಾಕಿ ಇತ್ತು. ಅದನ್ನು ಕೇಳಿದ್ದು ಊಟ ಆದ ಮೇಲೆ. ರಾತ್ರಿ ಸಮುದ್ರಕ್ಕೆ ಹೋಗಿ ಖಾಲಿ ಬಂದವನ ಹೊಟ್ಟೆ ಹೇಗಿರುತ್ತದೆ ಅಂತ ನಮಗೆ ಗೊತ್ತು. ಹಾಗಾಗಿ ಈ ಕತೆ ಬರೆದವನು ದೋಣಿ ಹತ್ತಿದವನೇ ಅಂತ ನನ್ನ ನಂಬಿಕೆ.

---

ಹಳಿಯಾಳದ ಕವಾಂದಿ · ಮಂಗಳವಾರ, ಮಧ್ಯಾಹ್ನ 12:40

ನಾವು ಸಿದ್ದಿಗಳು, ಕ್ಯಾಥೊಲಿಕ್. ನಮ್ಮ ಕಡೆಯ ನೆನಪು ಹೊದಿಕೆಯಲ್ಲಿ ಇರುತ್ತದೆ.

ಹಳೇ ಸೀರೆ, ಲುಂಗಿ, ಮಕ್ಕಳ ಅಂಗಿ ಹರಿದು ತುಂಡು ಮಾಡಿ ಕವಾಂದಿ ಹೊಲಿಯುತ್ತೇವೆ. ಅಂಚಿನಿಂದ ಶುರು, ಸುತ್ತುತ್ತಾ ಸುತ್ತುತ್ತಾ ಒಳಗೆ ಬಂದು ನಡುವಿನಲ್ಲಿ ಮುಗಿಯುತ್ತದೆ. ನಾಲ್ಕು ಮೂಲೆಗೆ ಬಟ್ಟೆ ಮಡಿಸಿದ ಫೂಲ. ಫೂಲ ಇಲ್ಲದೆ ಕವಾಂದಿ ಕೊಡಬಾರದು, ಅದು ಬರಿಮೈ ಇದ್ದ ಹಾಗೆ. ನಮ್ಮಲ್ಲಿ ಕೆಲವರು ನಡುವೆ ಶಿಲುಬೆಯ ತುಂಡು ಕೂಡಿಸುತ್ತಾರೆ.

ನನ್ನ ಅವ್ವ ಹೊಲಿಯುವಾಗ ಒಬ್ಬೊಬ್ಬರ ಬಟ್ಟೆಯ ತುಂಡು ಬಂದಾಗ ಅವರ ಹೆಸರಿಗೆ ಒಂದು ನಮಾನ್ ಮಾರಿಯೆ (ನಮೋ ಮರಿಯಾ) ಹೇಳುತ್ತಿದ್ದಳು. ಸತ್ತವರ ಅಂಗಿಯೂ ಅದರಲ್ಲೇ, ಹುಟ್ಟಿದ ಮಗುವಿನ ಕುಲಾವಿಯೂ ಅದರಲ್ಲೇ. ಮಾತು ಬಿಟ್ಟ ಚಿಕ್ಕಪ್ಪನ ಹಳೇ ಲುಂಗಿ ಬಂದಾಗ ನಾನು ನೋಡಿದೆ, ಸೂಜಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಹೊಲಿದಳು. ಹೇಳಿದಳೋ ಇಲ್ಲವೋ, ಕೇಳಿಸಲಿಲ್ಲ. ಈಗ ಆ ಕವಾಂದಿ ನನ್ನ ಮಗನ ಹಾಸಿಗೆ ಮೇಲೆ. ಚಿಕ್ಕಪ್ಪನ ನೀಲಿ ಗೆರೆ ಅವನ ಕಾಲ ಹತ್ತಿರ ಬರುತ್ತದೆ.

---

ಕುವೈತ್ ಕಾರವಾರಿ · ಮಂಗಳವಾರ, ರಾತ್ರಿ 8:55

ಇಲ್ಲಿ ಭಾನುವಾರ ಡ್ಯೂಟಿ. ಭಾನುವಾರದ ಪೂಜೆ ನಮಗೆ ಶುಕ್ರವಾರವೇ ಸಿಗುತ್ತದೆ. ಊರಲ್ಲಿ ಏಳೂವರೆ ಆದರೆ ಇಲ್ಲಿ ಐದು. ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತಾಗ ಮನೆಯಿಂದ ವಿಡಿಯೊ ಕಾಲ್ ಬರುತ್ತದೆ. ಅಮ್ಮ ಫೋನನ್ನು ಆಲ್ತಾರಿಗೆ ಒರಗಿಸಿ ಇಡುತ್ತಾಳೆ. @ಹಳೇ ಇಗರ್ಜಿ ಕ್ಷಮಿಸಬೇಕು, ಆಲ್ತಾರಿನ ಮೇಲೆ ನಾನೇ ಇರುತ್ತೇನೆ, ದಿನಕ್ಕೆ 20 ನಿಮಿಷ.

ಬಸ್ಸಿನಲ್ಲಿ ಬಾಯಿಬಿಟ್ಟು ಹೇಳಲು ಆಗುವುದಿಲ್ಲ. ಮ್ಯೂಟ್ ಮಾಡಿ ತುಟಿ ಆಡಿಸುತ್ತೇನೆ. ಮೂರನೇ ದಶಕದ ಹೊತ್ತಿಗೆ ಅಪ್ಪ ತೂಕಡಿಸುವುದು ಕಾಣುತ್ತದೆ. ತಂಗಿ ಮೊಣಕೈಯಿಂದ ತಿವಿಯುವುದೂ ಕಾಣುತ್ತದೆ. ದುಡ್ಡು ಕಳಿಸುವುದಕ್ಕಿಂತ ಇದೇ ನನಗೆ ಮನೆ.

ನಮ್ಮ ಮನೆಯಲ್ಲಿ ಇನ್ನೊಂದು ಕಾಯಿದೆ ಇದೆ. ಜಗಳ ಆಗಿದ್ದರೆ ತೇರ್ಸ್‌ಗೆ ಮೊದಲು ಸಾರಿ ಹೇಳಬೇಕು, ಇಲ್ಲದಿದ್ದರೆ ಬತ್ತಿ ಹಚ್ಚುವ ಹಾಗಿಲ್ಲ. ಸೂರ್ಯ ಮುಳುಗುವ ತನಕ ಸಿಟ್ಟು ಇಟ್ಟುಕೊಳ್ಳಬೇಡಿ ಅಂತ ಎಫೆಸದವರಿಗೆ ಬರೆದ ಪತ್ರದಲ್ಲಿ ಇದೆಯಲ್ಲ, ಅದು. ಪೋಪ್ ಫ್ರಾನ್ಸಿಸ್ ಮನೆಗಳಿಗೆ ಮೂರು ಮಾತು ಸಾಕು ಅನ್ನುತ್ತಿದ್ದರು. ಆಗಬಹುದಾ, ಥ್ಯಾಂಕ್ಸ್, ಸಾರಿ. ನಮ್ಮ ಮನೆಯಲ್ಲಿ ಥ್ಯಾಂಕ್ಸ್ ಹೇಳುವ ಅಭ್ಯಾಸ ಇಲ್ಲ, ನಗುತ್ತಾರೆ. ಸಾರಿ ಮಾತ್ರ ನಡೆಯುತ್ತದೆ, ಅದೂ ಬತ್ತಿಯ ಭಯಕ್ಕೆ. ಒಮ್ಮೆ ಅಪ್ಪ ಅಮ್ಮನ ಜಗಳ ಮುಗಿಯದೆ ಒಂಬತ್ತೂವರೆ ತನಕ ಕತ್ತಲಲ್ಲಿ ಕೂತಿದ್ದೆವು. ಹಸಿವು ತಡೆಯದೆ ತಂಗಿ ಇಬ್ಬರ ಪರವಾಗಿಯೂ ಸಾರಿ ಹೇಳಿಬಿಟ್ಟಳು.

---

ಹಳೇ ಇಗರ್ಜಿ · ಬುಧವಾರ, ಬೆಳಿಗ್ಗೆ 7:10

ಒಂದು ಸಲಹೆ. ಆಲ್ತಾರಿನ ಕೆಳಗೆ ಒಂದು ಸಣ್ಣ ಹಲಗೆ ಹೊಡೆಸಿ. ಮೇಲೆ ಸಾಯಬಿಣಿ, ಕೆಳಗಿನ ಹಲಗೆಯಲ್ಲಿ ಡಬ್ಬಿ. ದೀಪದ ಬಿಸಿಯೂ ತಾಗುವುದಿಲ್ಲ, ಅಪ್ಪನ ಕಣ್ಣಿಗೂ ಬೀಳುತ್ತದೆ, ಹಿರಿಯರ ಬಾಯಿಯೂ ಮುಚ್ಚುತ್ತದೆ. ನಾನು ನಿನ್ನೆ ಬಡಗಿಯನ್ನು ಕರೆದು ನಮ್ಮ ಮನೆಯಲ್ಲಿ ಹೊಡೆಸಿದೆ. ಗ್ಯಾಸ್ ಪುಸ್ತಕ ಇಳಿಯಿತು.

---

ಕೋಡಿಬಾಗದ ಮಗಳು · ನಾಲ್ಕು ವಾರದ ನಂತರ, ಭಾನುವಾರ, ರಾತ್ರಿ 8:30

ಎಲ್ಲರಿಗೂ ಉತ್ತರ ಕೊಡಲು ಆಗಲಿಲ್ಲ. ಸುದ್ದಿ ಹೇಳುತ್ತೇನೆ.

ಹಲಗೆ ಬಂತು. ಡಬ್ಬಿ ಬಂತು, ಹಳೇ ಬಿಸ್ಕತ್ ಡಬ್ಬಿ. 15 ಮಾತ್ರೆಯ ಪಟ್ಟಿ 15ನೇ ರಾತ್ರಿಗೆ ಸರಿಯಾಗಿ ಖಾಲಿ. ಎರಡನೆಯದೂ ಹಾಗೇ ಹೋಗುತ್ತಿದೆ. ನಿನ್ನೆ ಬಿಪಿ 138/86. ಖಾರಾ ಬಾಂಗಡೆ ವಾರಕ್ಕೆ ಒಂದಕ್ಕೆ ಇಳಿದಿದೆ, ಅದನ್ನೂ ಎರಡು ನೀರಿನಲ್ಲಿ ನೆನೆಸಿ. ಅಪ್ಪ ಮುಖ ಸಿಂಡರಿಸುತ್ತಾರೆ, ತಿನ್ನುತ್ತಾರೆ.

ಈಗ ಹೊಸ ಸಮಸ್ಯೆ. ಅಮ್ಮನಿಗೆ ಥೈರಾಯ್ಡ್ ಅಂತ ಗೊತ್ತಾಯಿತು. ಥೈರಾಕ್ಸಿನ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಅಮ್ಮ ಎದ್ದವಳೇ ಚಹಾ ಇಡುತ್ತಾಳೆ, ಮಾತ್ರೆ ನೆನಪಾಗುವಾಗ ಎರಡನೇ ಕಪ್ಪು ಆಗಿರುತ್ತದೆ. ನನಗೂ ಹಲಗೆ ಬೇಕು ಅನ್ನುತ್ತಾಳೆ. ಆದರೆ ನಮ್ಮ ಮನೆಯಲ್ಲಿ ಬೆಳಿಗ್ಗೆ ಯಾರೂ ಪ್ರಾರ್ಥನೆ ಮಾಡುವುದಿಲ್ಲ. ಎಲ್ಲ ರಾತ್ರಿಯದ್ದೇ. ಬೆಳಗಿನದ್ದು, ಉದ್ದ ಇಲ್ಲದ್ದು ಏನಾದರೂ ಇದೆಯಾ?

---

ಕುಮಟಾ ನರ್ಸಮ್ಮ · ಭಾನುವಾರ, ರಾತ್ರಿ 9:05

ತ್ರಿಕಾಲ ಪ್ರಾರ್ಥನೆ. ಇಗರ್ಜಿಯಲ್ಲಿ ಬೆಳಿಗ್ಗೆ ಆರಕ್ಕೆ ಗಂಟೆ ಹೊಡೆಯುವುದು ಅದಕ್ಕೇ. ಮೂರು ನಮೋ ಮರಿಯಾ, ಎರಡು ನಿಮಿಷ. ಗಂಟೆ ಕೇಳಿದ ಕೂಡಲೇ ಪ್ರಾರ್ಥನೆ, ಮಾತ್ರೆ, ಬರೀ ನೀರು. ಚಹಾ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ದೂರ ಇರಲಿ. ಪಾಸ್ಖಾ ಆದ ಮೇಲೆ ಪೆಂತೆಕೋಸ್ತ್ ಹಬ್ಬದ ತನಕ ಇದರ ಬದಲು ಸ್ವರ್ಗದ ರಾಣಿ ಪ್ರಾರ್ಥನೆ ಹೇಳುವುದು, ಅದು ಇನ್ನೂ ಗಿಡ್ಡ.

---

ಕೋಡಿಬಾಗದ ಮಗಳು · ಮಂಗಳವಾರ, ಬೆಳಿಗ್ಗೆ 6:12

ಇವತ್ತು ಎರಡನೇ ದಿನ. ಗಂಟೆ ಕೇಳಿಸಿತು. ಅಮ್ಮನಿಗೆ ಪದ ಮರೆತಿದೆ, ಅಪ್ಪ ಹಾಸಿಗೆಯಿಂದಲೇ ಹೇಳಿಕೊಟ್ಟರು. ಚಹಾಕ್ಕೆ ಇನ್ನೂ 40 ನಿಮಿಷ ಇದೆ, ಇಬ್ಬರೂ ಗಡಿಯಾರ ನೋಡುತ್ತಾ ಕೂತಿದ್ದಾರೆ.